ಮರಿಯಮ್ ರಶೀದಾ ಅವರ ಕ್ಷಮೆ ಕೇಳುವವರು ಯಾರು?

'ರಾಕೆಟ್ರಿ: ದಿ ನಂಬಿ ಎಫೆಕ್ಟ್' ಸಿನಿಮಾವನ್ನು ನಿಮ್ಮಲ್ಲಿ ಬಹಳ ಜನ ನೋಡಿರುತ್ತೀರಿ. 2022ರ ಜುಲೈ 1ರಂದು ತೆರೆಗೆ ಬಂದ ಈ ಚಿತ್ರವನ್ನು ನಿರ್ದೇಶಿಸಿದವರು ಆರ್. ಮಾಧವನ್. ಇಸ್ರೋ ವಿಜ್ಞಾನಿ ನಂಬಿ ನಾರಾಯಣನ್ ಅವರ ಪಾತ್ರ ಮಾಡಿದವರೂ ಅವರೇ. 69ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಕಥಾಚಿತ್ರ ಎಂಬ ಗೌರವ ಇದಕ್ಕೆ ಸಿಕ್ಕಿತು. ಇಡೀ ಕಥೆ ಒಂದು ಟಿವಿ ಸಂದರ್ಶನದ ಚೌಕಟ್ಟಿನಲ್ಲಿ ನಡೆಯುತ್ತದೆ. ಹಿಂದಿಯಲ್ಲಿ ಪ್ರಶ್ನೆ ಕೇಳುವವರು ಶಾರುಖ್ ಖಾನ್, ತಮಿಳಿನಲ್ಲಿ ಸೂರ್ಯ. ಕೊನೆಗೆ ಮಾಧವನ್ ಕೂತಿದ್ದ ಜಾಗದಲ್ಲಿ ನಿಜವಾದ ನಂಬಿ ನಾರಾಯಣನ್ ಕಾಣಿಸಿಕೊಳ್ಳುತ್ತಾರೆ. ಅವರ ಎದುರು ಶಾರುಖ್ ದೇಶದ ಪರವಾಗಿ ಕ್ಷಮೆ ಕೇಳುತ್ತಾರೆ.

ಆ ದೃಶ್ಯ ಕಣ್ಣಲ್ಲಿ ನೀರು ತರಿಸುತ್ತದೆ, ತರಿಸಬೇಕು ಕೂಡ. ಮಾಡದ ತಪ್ಪಿಗೆ ಒಬ್ಬ ಮನುಷ್ಯನನ್ನು ದೇಶದ್ರೋಹಿ ಅಂತ ಕರೆದು ಇಪ್ಪತ್ತನಾಲ್ಕು ವರ್ಷ ಅಲೆಸಿದರೆ ಯಾರಾದರೂ ಕ್ಷಮೆ ಕೇಳಲೇಬೇಕಲ್ಲ! ಆದರೆ ಅದೇ ಕೇಸಿನಲ್ಲಿ ಇನ್ನೂ ಐದು ಮಂದಿ ಆರೋಪಿಗಳಿದ್ದರು. ಅವರ ಎದುರು ಮಂಡಿಯೂರುವವರು ಯಾರು? ಈ ಸಿನಿಮಾವನ್ನು ಆ ಪ್ರಶ್ನೆ ಹಿಡಿದುಕೊಂಡು ಇನ್ನೊಮ್ಮೆ ನೋಡೋಣ, ಬನ್ನಿ.

ಈ ಕೇಸು ನಡೆದಾಗ ಹುಟ್ಟಿರದ ವಿದ್ಯಾರ್ಥಿಗಳಿಗಾಗಿ ಮೊದಲು ಹಿನ್ನೆಲೆ ಹೇಳುತ್ತೇನೆ. 1994ರ ಅಕ್ಟೋಬರ್ 20ರಂದು ತಿರುವನಂತಪುರದಲ್ಲಿ ಮರಿಯಮ್ ರಶೀದಾ ಎಂಬ ಮಾಲ್ಡೀವ್ಸ್ ಮಹಿಳೆಯನ್ನು ಕೇರಳ ಪೊಲೀಸರು ಬಂಧಿಸಿದರು. ಕಾರಣ, ವೀಸಾ ಅವಧಿ ಮೀರಿ ಉಳಿದಿದ್ದರು ಎಂಬುದು. ಸೂರತ್‌ನ ಪ್ಲೇಗ್ ಸುದ್ದಿಯಿಂದ ವಿಮಾನಗಳು ನಿಂತು ಊರಿಗೆ ಮರಳಲಾಗದೆ ಸಿಕ್ಕಿಹಾಕಿಕೊಂಡಿದ್ದವರು ಅವರು. ನವೆಂಬರ್ ಹೊತ್ತಿಗೆ ಇದು ಬೇಹುಗಾರಿಕೆಯ ಕೇಸಾಯಿತು. ಮಾಲ್ಡೀವ್ಸ್‌ನ ಇನ್ನೊಬ್ಬ ಮಹಿಳೆ ಫೌಝಿಯಾ ಹಸನ್, ಇಸ್ರೋದ ಡಿ. ಶಶಿಕುಮಾರನ್, ಬೆಂಗಳೂರಿನ ಕೆ. ಚಂದ್ರಶೇಖರ್ ಮತ್ತು ಎಸ್.ಕೆ. ಶರ್ಮಾ, ನವೆಂಬರ್ 30ರಂದು ನಂಬಿ ನಾರಾಯಣನ್ ಹೀಗೆ ಒಬ್ಬೊಬ್ಬರೇ ಒಳಗೆ ಹೋದರು. ರಾಕೆಟ್ ಎಂಜಿನ್ನಿನ ರಹಸ್ಯಗಳನ್ನು ಪಾಕಿಸ್ತಾನಕ್ಕೆ ಮಾರಿದರು ಎಂಬುದು ಆರೋಪ.

ಡಿಸೆಂಬರ್‌ನಲ್ಲಿ ಕೇಸು ಸಿಬಿಐ ಕೈಗೆ ಹೋಯಿತು. 1996ರಲ್ಲಿ ಸಿಬಿಐ, ಇದೆಲ್ಲ ಸುಳ್ಳು ಅಂತ ಕೋರ್ಟಿಗೆ ವರದಿ ಕೊಟ್ಟಿತು. ಅಷ್ಟಾದರೂ ಕೇರಳ ಸರ್ಕಾರ ಮರುತನಿಖೆಗೆ ಹೊರಟಿತು. 1998ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. 2018ರ ಸೆಪ್ಟೆಂಬರ್ 14ರಂದು ಅದೇ ಕೋರ್ಟ್ ನಂಬಿಯವರಿಗೆ 50 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. 2019ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಆಮೇಲೆ ಕೇರಳ ಸರ್ಕಾರ 1.3 ಕೋಟಿ ರೂಪಾಯಿ ಕೊಟ್ಟು ಅವರ ದಾವೆಯನ್ನು ಇತ್ಯರ್ಥ ಮಾಡಿಕೊಂಡಿತು.

ಸಿನಿಮಾ ಚೆನ್ನಾಗಿ ಮಾಡಿದ ಕೆಲಸವನ್ನು ಮೊದಲು ಒಪ್ಪಿಕೊಳ್ಳೋಣ. ಅಪವಾದ ಅನ್ನುವುದು ಕೋರ್ಟಿನಲ್ಲಿ ಮಾತ್ರ ನಡೆಯುವುದಲ್ಲ, ಅದು ಮನೆಯ ಹೊಸ್ತಿಲು ದಾಟಿ ಅಡುಗೆಮನೆಗೂ ಬರುತ್ತದೆ ಎಂಬುದನ್ನು ಮಾಧವನ್ ತೋರಿಸಿದ್ದಾರೆ. ಗಂಡ ಹೆಂಡತಿ ಸುರಿಯುವ ಮಳೆಯಲ್ಲಿ ಆಟೊ ಹತ್ತುತ್ತಾರೆ. ಇವರು ಯಾರು ಅಂತ ಗೊತ್ತಾದ ಮೇಲೆ ಅವರನ್ನು ನಡುದಾರಿಯಲ್ಲಿ ಇಳಿಸಲಾಗುತ್ತದೆ. ಹೆಂಡತಿ ಮೀನಾ ಆಗಿ ಸಿಮ್ರನ್ ಮಾತಿಗಿಂತ ಹೆಚ್ಚಾಗಿ ಮೌನದಲ್ಲೇ ಅಭಿನಯಿಸಿದ್ದಾರೆ. ಗಂಡ ಜೈಲಿಂದ ಹೊರಗೆ ಬಂದರೂ ಹೆಂಡತಿಯ ಮನಸ್ಸು ಹೊರಗೆ ಬರುವುದಿಲ್ಲ. ನಂಬಿ ಜೈಲಿನಲ್ಲಿದ್ದದ್ದು 50 ದಿನ. ಮೀನಾ ಎಷ್ಟು ದಿನ ಇದ್ದರು ಅಂತ ಯಾವ ರಿಜಿಸ್ಟರೂ ಬರೆದಿಟ್ಟಿಲ್ಲ. ಈ ಲೆಕ್ಕವನ್ನು ಸಿನಿಮಾ ಬರೆದಿಟ್ಟಿದೆ. ಅಷ್ಟರಮಟ್ಟಿಗೆ ಅದು ದೊಡ್ಡ ಕೆಲಸ.

ತಕರಾರು ಇರುವುದು ಸಿನಿಮಾ ತನ್ನ ವಾದವನ್ನು ಕಟ್ಟುವ ರೀತಿಯ ಬಗ್ಗೆ. ಮೊದಲರ್ಧ ಪೂರ್ತಿ ಸಾಧನೆ. ಪ್ರಿನ್ಸ್‌ಟನ್‌ನ ಓದು, ಫ್ರಾನ್ಸ್‌ನಲ್ಲಿ ಕಲಿತ ಎಂಜಿನ್ ವಿದ್ಯೆ, ವಿಕಾಸ್ ಎಂಜಿನ್, ರಷ್ಯಾದ ಕ್ರಯೋಜೆನಿಕ್ ವ್ಯವಹಾರ. ಎರಡನೇ ಅರ್ಧದಲ್ಲಿ ಬಂಧನ, ಹಿಂಸೆ, ಹೋರಾಟ. ಮೊದಲು ಈ ಮನುಷ್ಯ ದೇಶಕ್ಕೆ ಏನೆಲ್ಲ ಕೊಟ್ಟ ಅಂತ ತೋರಿಸಿ, ನಂತರ ಇಂಥವನಿಗೆ ಹೀಗೆ ಮಾಡಿದಿರಾ ಅಂತ ಕೇಳುವುದು ಅದರ ಕ್ರಮ. ಕನ್ನಡದಲ್ಲಿ 'ನಂಬಿ' ಅಂದರೆ ವಿಶ್ವಾಸ ಇಡಿ ಅಂತಲೂ ಆಗುತ್ತದೆ ನೋಡಿ. ಸಿನಿಮಾ ನಮಗೆ ಹೇಳುವುದೂ ಅದನ್ನೇ: ನಂಬಿಯನ್ನು ನಂಬಿ. ಯಾಕೆ ನಂಬಬೇಕು? ರಾಕೆಟ್ ಎಂಜಿನ್ ಕಟ್ಟಿದವರು, ವಿದೇಶದ ದೊಡ್ಡ ನೌಕರಿ ಬಿಟ್ಟು ಬಂದವರು, ದೇಶಭಕ್ತರು. ಅದಕ್ಕೆ.

ಇದರಲ್ಲಿ ಏನು ತಪ್ಪು ಅಂತ ನೀವು ಕೇಳಬಹುದು. ಸಿನಿಮಾ ಬಂದ ಮೇಲೆ ಏನಾಯಿತು ನೋಡಿ. 2022ರ ಆಗಸ್ಟ್‌ನಲ್ಲಿ ಇಸ್ರೋದ ಕೆಲವು ನಿವೃತ್ತ ವಿಜ್ಞಾನಿಗಳು ತಿರುವನಂತಪುರದಲ್ಲಿ ಪತ್ರಿಕಾಗೋಷ್ಠಿ ಕರೆದು, ಸಿನಿಮಾದಲ್ಲಿ ಹೇಳಿದಷ್ಟು ಸಾಧನೆ ನಂಬಿಯವರದಲ್ಲ, ಬಹಳಷ್ಟು ಸುಳ್ಳು ಇದೆ ಅಂದರು. ಯಾರು ಸರಿ ಎಂಬ ಚರ್ಚೆ ವಿಜ್ಞಾನದ ಇತಿಹಾಸ ಬರೆಯುವವರಿಗೆ ಇರಲಿ. ನನ್ನ ಪ್ರಶ್ನೆ ಬೇರೆ. ಅವರ ಮಾತೇ ಸರಿ, ನಂಬಿಯವರ ಪಾಲು ಅರ್ಧದಷ್ಟೇ ಅಂತ ಇಟ್ಟುಕೊಳ್ಳಿ. ಆಗ ಅವರಿಗಾದ ಅನ್ಯಾಯವೂ ಅರ್ಧಕ್ಕೆ ಇಳಿಯುತ್ತದಾ? ಎಂಜಿನ್ನೇ ಕಟ್ಟದ ಸಾಮಾನ್ಯ ಗುಮಾಸ್ತನಾಗಿದ್ದರೆ ಆ 50 ದಿನ ನ್ಯಾಯವಾಗುತ್ತಿತ್ತಾ? ಸಾಧನೆಯ ತಕ್ಕಡಿಯಲ್ಲಿ ಅನ್ಯಾಯವನ್ನು ತೂಗಲು ಹೊರಟರೆ ಇದೇ ಆಗುವುದು. ಸಾಧನೆಯ ಬಟ್ಟಲಿನಿಂದ ಯಾರಾದರೂ ಒಂದು ಕಲ್ಲು ತೆಗೆದರೂ ಅನ್ಯಾಯ ಹಗುರವಾಗಿ ಕಾಣುತ್ತದೆ.

ನಾನು ಪುಣೆಯಲ್ಲಿ ಉರ್ದು ಮಾಧ್ಯಮದ ಮಕ್ಕಳಿಗೆ ಪಾಠ ಮಾಡುತ್ತೇನೆ. ಒಂಬತ್ತನೇ ತರಗತಿಯ ಮಕ್ಕಳು ಈ ಸಿನಿಮಾ ನೋಡಿ ಬಂದು ಶಾರುಖ್ ದೃಶ್ಯದ ಬಗ್ಗೆ ಮಾತಾಡಿದ್ದೇ ಮಾತಾಡಿದ್ದು. ಹಿಂದಿನ ಬೆಂಚಿನ ಒಬ್ಬಳು ಮಾತ್ರ, "ಮಿಸ್, ವೋ ಔರತ್ ಕಾ ಕ್ಯಾ ಹುವಾ?" ಅಂದಳು. ಆ ಹೆಂಗಸಿನ ಕಥೆ ಏನಾಯಿತು? ಎಷ್ಟೋ ವಿಮರ್ಶಕರು ಕೇಳದ ಪ್ರಶ್ನೆ ಅದು. ಮರಿಯಮ್ ಇಲ್ಲದೆ ಈ ಕೇಸೇ ಇಲ್ಲ. ಆದರೂ ಸಿನಿಮಾ ಅವರ ಬದುಕಿನ ಬಳಿ ನಿಲ್ಲುವುದಿಲ್ಲ. ಅವರು ನಂಬಿಯವರ ಕಷ್ಟ ಶುರುವಾಗಲು ಬೇಕಾದ ಒಂದು ಕಾರಣವಾಗಿ ಮಾತ್ರ ಉಳಿಯುತ್ತಾರೆ.

ಆ ಹುಡುಗಿಗೆ ಕೊಟ್ಟ ಉತ್ತರವನ್ನೇ ನಿಮಗೂ ಹೇಳುತ್ತೇನೆ.

ಮರಿಯಮ್ ರಶೀದಾ ಮತ್ತು ಫೌಝಿಯಾ ಹಸನ್ ಮೂರು ವರ್ಷಕ್ಕೂ ಹೆಚ್ಚು ಕಾಲ ಕೇರಳದ ಜೈಲುಗಳಲ್ಲಿದ್ದರು. ಕೇಸು ಸುಳ್ಳು ಅಂತ ಸಿಬಿಐ ಹೇಳಿದ ಮೇಲೂ ಅವರು ಒಳಗೇ ಇದ್ದರು. ಪರದೇಶ, ಗೊತ್ತಿಲ್ಲದ ಭಾಷೆ. ಜಾಮೀನಿಗೆ ಓಡಾಡುವ ಬಂಧುಗಳಿಲ್ಲ, ಪರವಾಗಿ ಮಾತಾಡುವ ದೊಡ್ಡ ಸಂಸ್ಥೆಯಿಲ್ಲ. ಫೌಝಿಯಾ ಬೆಂಗಳೂರಿಗೆ ಬಂದದ್ದು ಮಗಳನ್ನು ಶಾಲೆಗೆ ಸೇರಿಸಲು. ಪ್ರಯಾಣದಲ್ಲಿ ಪರಿಚಯವಾದ ಚಂದ್ರಶೇಖರ್ ಮತ್ತು ಅವರ ಗೆಳೆಯ ಶರ್ಮಾ ಆ ಅಡ್ಮಿಷನ್‌ಗೆ ನೆರವಾದರು. ಶಾಲೆಯ ಬಾಗಿಲಲ್ಲಿ ಅಪರಿಚಿತ ತಾಯಂದಿರಿಗೆ ಫಾರಂ ತುಂಬಿಕೊಡುವವರನ್ನು ನಾನು ಪ್ರತಿ ಜೂನ್‌ನಲ್ಲೂ ನೋಡುತ್ತೇನೆ. ಅಂಥ ಒಂದು ಸಣ್ಣ ಉಪಕಾರವೇ ಪೊಲೀಸರ ಕಡತದಲ್ಲಿ ಬೇಹುಗಾರಿಕೆಯ ಜಾಲದ ಎಳೆಯಾಯಿತು. ವಿಚಾರಣೆಯಲ್ಲಿ ತನ್ನನ್ನು ಹೆದರಿಸಲು ಮಗಳ ಹೆಸರನ್ನೇ ಬಳಸಿದರು ಅಂತ ಫೌಝಿಯಾ ನಂತರ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ.

ಇನ್ನು ಪತ್ರಿಕೆಗಳು. ನಂಬಿಯವರ ಬಗ್ಗೆಯೂ ಬರೆಯಬಾರದ್ದನ್ನು ಬರೆದರು. ಆದರೆ ಅವರ ಮೇಲಿದ್ದ ಅಪವಾದ ಹಣದ್ದು, ದೇಶದ್ರೋಹದ್ದು. ಈ ಇಬ್ಬರು ಮಹಿಳೆಯರ ವಿಷಯದಲ್ಲಿ ಅದರ ಜೊತೆಗೆ ದೇಹವೂ ಸೇರಿಕೊಂಡಿತು. ಹಾಸಿಗೆಯ ಕಟ್ಟುಕಥೆಗಳು ದಿನಾ ಅಚ್ಚಾದವು. ಮಲಯಾಳಂ ಪತ್ರಿಕೆಯೊಂದು ಮರಿಯಮ್ ಅವರ ದೇಹವನ್ನು ಮೀನಿಗೆ ಹೋಲಿಸಿ ಬರೆದದ್ದನ್ನು ಅಲ್ಲಿನ ಪತ್ರಕರ್ತರೇ ಇಂದಿಗೂ ನಾಚಿಕೆಯಿಂದ ನೆನೆಯುತ್ತಾರೆ. ಗಂಡಸಿನ ಮೇಲೆ ಬಂದ ಸುಳ್ಳು ಆರೋಪವನ್ನು ದಾಖಲೆ ತೋರಿಸಿ ತೊಳೆಯಬಹುದು. ಹೆಣ್ಣಿನ ನಡತೆಯ ಮೇಲೆ ಬಂದದ್ದಕ್ಕೆ ಯಾವ ದಾಖಲೆ ತೋರಿಸುವುದು, ಹೇಳಿ?

ಅಪವಾದದ ಬೇರು ಎಲ್ಲಿತ್ತು ಅನ್ನುವುದಕ್ಕೂ ಇದಕ್ಕೂ ಸಂಬಂಧ ಇದೆ. ತನ್ನ ಜೊತೆ ಅಸಭ್ಯವಾಗಿ ನಡೆದುಕೊಳ್ಳಲು ಬಂದ ಪೊಲೀಸ್ ಅಧಿಕಾರಿಯನ್ನು ತಿರಸ್ಕರಿಸಿದ್ದಕ್ಕೇ ಈ ಗತಿ ಬಂತು ಅಂತ ಮರಿಯಮ್ ಮೊದಲಿನಿಂದ ಹೇಳುತ್ತಲೇ ಇದ್ದರು. ಸುಪ್ರೀಂ ಕೋರ್ಟಿನ 2021ರ ಆದೇಶದಂತೆ ಸಿಬಿಐ ಹೊಸದಾಗಿ ತನಿಖೆ ಮಾಡಿ, 2024ರಲ್ಲಿ ಐವರು ಮಾಜಿ ಅಧಿಕಾರಿಗಳ ಮೇಲೆ ಸಲ್ಲಿಸಿದ ಆರೋಪಪಟ್ಟಿಯಲ್ಲೂ ಅದೇ ಮಾತಿದೆ. ಅಧಿಕಾರಿಯ ಆಸೆಗೆ ಮರಿಯಮ್ ಒಪ್ಪಲಿಲ್ಲ, ಅವರನ್ನು ಅಕ್ರಮವಾಗಿ ಹಿಡಿದಿಟ್ಟದ್ದನ್ನು ಸಮರ್ಥಿಸಲು ಕೇಸು ಹೆಣೆಯಲಾಯಿತು ಎಂಬುದು ಸಿಬಿಐ ಆರೋಪ. ಆ ಅಧಿಕಾರಿಗಳ ತಪ್ಪನ್ನು ನ್ಯಾಯಾಲಯ ತೀರ್ಮಾನಿಸಬೇಕು, ನಾವಲ್ಲ. ಸುಳ್ಳು ಆರೋಪದ ಬಗ್ಗೆ ಬರೆಯುವಾಗ ಈ ಎಚ್ಚರ ತಪ್ಪಬಾರದು. ಆದರೆ ಸಿಬಿಐ ಹೇಳುವುದು ನಿಜವಾದರೆ ಕಥೆಯ ನಡುಬಿಂದುವೇ ಬದಲಾಗುತ್ತದೆ. ಆಗ ಇದು ಮೊದಲು ಒಬ್ಬ ಹೆಣ್ಣುಮಗಳು 'ಇಲ್ಲ' ಅಂದ ಕಥೆ. ರಾಕೆಟ್ ಅದರೊಳಗೆ ಬಂದದ್ದು ಆಮೇಲೆ.

ಬೆಂಗಳೂರಿನ ಆ ಇಬ್ಬರ ಪಾಡೇನಾಯಿತು ಎಂಬುದು ಕನ್ನಡದ ಓದುಗರಾದ ನಮಗಾದರೂ ಗೊತ್ತಿರಬೇಕು. ಚಂದ್ರಶೇಖರ್ ರಷ್ಯಾದ ಗ್ಲಾವ್‌ಕಾಸ್ಮಾಸ್ ಸಂಸ್ಥೆಯ ಪ್ರತಿನಿಧಿಯಾಗಿದ್ದವರು. 1998ರ ಸುಪ್ರೀಂ ಕೋರ್ಟ್ ತೀರ್ಪು ಕಾನೂನು ಪುಸ್ತಕಗಳಲ್ಲಿ ಇರುವುದೇ ಅವರ ಹೆಸರಲ್ಲಿ: ಕೆ. ಚಂದ್ರಶೇಖರ್ ವಿರುದ್ಧ ಕೇರಳ ರಾಜ್ಯ. ಕಾನೂನು ಓದುವ ಮಕ್ಕಳಿಗೆ ಆ ಹೆಸರು ಗೊತ್ತು, ಸಿನಿಮಾ ನೋಡಿದವರಿಗೆ ಗೊತ್ತಿಲ್ಲ. 2018ರ ಸೆಪ್ಟೆಂಬರ್ 14ರ ಬೆಳಿಗ್ಗೆ, ತೀರ್ಪು ಹೊರಬೀಳುವ ಮೊದಲೇ ಅವರು ಕೋಮಾಕ್ಕೆ ಜಾರಿದರು. ಎರಡು ದಿನ ಬಿಟ್ಟು ತೀರಿಕೊಂಡರು. ಎರಡು ದಶಕ ಕಾದ ಸುದ್ದಿ ಅವರ ಕಿವಿಗೆ ಬೀಳಲೇ ಇಲ್ಲ. ಕಾರ್ಮಿಕ ಗುತ್ತಿಗೆದಾರರಾಗಿದ್ದ ಶರ್ಮಾ ಅದೇ ವರ್ಷದ ನವೆಂಬರ್‌ನಲ್ಲಿ ಕ್ಯಾನ್ಸರ್‌ನಿಂದ ಹೋದರು.

ಇದನ್ನು ರಾಜಕಾರಣಿಗಳ ನಷ್ಟದ ಪಕ್ಕದಲ್ಲಿಟ್ಟು ನೋಡಿ. ಈ ಹಗರಣ ಕೇರಳದ ಕಾಂಗ್ರೆಸ್ಸಿನ ಒಳಜಗಳಕ್ಕೆ ತುಪ್ಪ ಸುರಿಯಿತು. ಆಪ್ತ ಪೊಲೀಸ್ ಅಧಿಕಾರಿಯನ್ನು ರಕ್ಷಿಸುತ್ತಿದ್ದಾರೆ ಎಂಬ ಕೂಗೆದ್ದು 1995ರ ಮಾರ್ಚ್‌ನಲ್ಲಿ ಮುಖ್ಯಮಂತ್ರಿ ಕೆ. ಕರುಣಾಕರನ್ ರಾಜೀನಾಮೆ ಕೊಡಬೇಕಾಯಿತು. ಅವರಿಗೂ ಇದು ನೋವಿನ ವಿಷಯವೇ, ಇಲ್ಲ ಅನ್ನುವುದಿಲ್ಲ. ಆದರೆ ಕೆಲವೇ ತಿಂಗಳಲ್ಲಿ ಅವರು ದಿಲ್ಲಿಯಲ್ಲಿ ನರಸಿಂಹ ರಾವ್ ಸಂಪುಟದ ಕೈಗಾರಿಕಾ ಸಚಿವರಾದರು. ಅದೇ ಹೊತ್ತಿಗೆ ಮರಿಯಮ್ ಮತ್ತು ಫೌಝಿಯಾ ಜೈಲಿನಲ್ಲಿ ದಿನ ಎಣಿಸುತ್ತಿದ್ದರು. ರಾಜಕೀಯ ಹಗರಣದಲ್ಲಿ ರಾಜಕಾರಣಿ ಕಳೆದುಕೊಳ್ಳುವುದು ಒಂದು ಕುರ್ಚಿ. ಕುರ್ಚಿಗಳಿಗೆ ಬದಲಿ ಇರುತ್ತದೆ. ಅದರ ಸಮೀಪ ಸುಮ್ಮನೆ ಹಾದುಹೋಗುತ್ತಿದ್ದವರು ಕಳೆದುಕೊಳ್ಳುವ ವರ್ಷಗಳಿಗೆ ಬದಲಿ ಇಲ್ಲ.

"ಟೀಚರ್, ಸಿನಿಮಾ ಒಬ್ಬರ ಬಗ್ಗೆ ಮಾಡಿದ್ದು, ಎಲ್ಲರ ಕಥೆ ಹೇಳೋಕಾಗುತ್ತಾ?" ಅಂತ ನೀವು ಕೇಳಿದರೆ ಅದು ನ್ಯಾಯವಾದ ಮಾತು. ಎರಡೂವರೆ ಗಂಟೆಯಲ್ಲಿ ಆರು ಜನರ ಬದುಕು ಹಿಡಿಸುವುದಿಲ್ಲ. ನಂಬಿಯವರು ಸೋಲೊಪ್ಪದೆ ಹೋರಾಡಿದ್ದರಿಂದಲೇ ಕೇಸಿನ ಒಳಗುಟ್ಟು ಹೊರಬಂತು, ಅದರ ಋಣ ಎಲ್ಲರ ಮೇಲೂ ಇದೆ. ಆದರೆ ಸಿನಿಮಾ ಒಬ್ಬರ ಕಥೆ ಹೇಳಿ ಸುಮ್ಮನಾಗಿಲ್ಲ. ಕೊನೆಗೆ ದೇಶದ ಹೆಸರಲ್ಲಿ ಕ್ಷಮೆ ಕೇಳಿದೆ. ದೇಶ ಕ್ಷಮೆ ಕೇಳಿತು ಅಂದ ಕೂಡಲೇ ನೋಡುವವರ ಮನಸ್ಸಿನಲ್ಲಿ ಲೆಕ್ಕ ಚುಕ್ತಾ ಆಗುತ್ತದೆ. ಲೆಕ್ಕ ಚುಕ್ತಾ ಆಗಿಲ್ಲ ಎಂಬುದೇ ನನ್ನ ಆಕ್ಷೇಪ. 2018ರಲ್ಲಿ ಅರುಣ್ ರಾಮ್ ಜೊತೆ ಸೇರಿ ನಂಬಿಯವರು ಇಂಗ್ಲಿಷಿನಲ್ಲಿ ಬರೆದ 'ರೆಡಿ ಟು ಫೈರ್' ಪುಸ್ತಕದ ಉಪಶೀರ್ಷಿಕೆಯಲ್ಲೂ ಈ ಕೇಸಿನಿಂದ ಪಾರಾದವರು ಇಬ್ಬರೇ, ಭಾರತ ಮತ್ತು ನಾನು. ತನ್ನ ನೋವನ್ನು ದೇಶದ ನೋವಿನ ಜೊತೆ ಜೋಡಿಸುವ ಹಕ್ಕು ಒಬ್ಬ ವಿಜ್ಞಾನಿಗೆ ಖಂಡಿತ ಇದೆ. ಮರಿಯಮ್ ಮಾತ್ರ ಹಾಗೆ ಜೋಡಿಸುವಂತಿಲ್ಲ. ಅವರು ಈ ದೇಶದವರೇ ಅಲ್ಲ. ಅವರಿಗೆ ಉಳಿದಿದ್ದು 'ಮತ್ತು ನಾನು' ಮಾತ್ರ.

ಎರಡು ಭಾಷೆಗಳ ನಡುವೆ ಬದುಕುವ ನನ್ನಂಥವರಿಗೆ ಕೆಲವು ಪದಗಳು ಬಹಳ ಕಾಡುತ್ತವೆ. ಕೋರ್ಟು ಬಿಟ್ಟುಬಿಟ್ಟವರ ಬಗ್ಗೆ ಉರ್ದು ಪತ್ರಿಕೆಗಳು 'ಬಾ ಇಜ್ಜತ್ ಬರೀ' ಅಂತ ಬರೆಯುತ್ತವೆ, ಅಂದರೆ ಮರ್ಯಾದೆ ಸಮೇತ ಬಿಡುಗಡೆ. 'ಬರೀ' ಮಾಡುವುದು ಕೋರ್ಟಿನ ಕೈಲಿದೆ. 'ಇಜ್ಜತ್' ಕೊಡುವುದು ಅಕ್ಕಪಕ್ಕದವರ ಕೈಲಿದೆ, ಪತ್ರಿಕೆಯ ಕೈಲಿದೆ, ಆಟೊದವನ ಕೈಲಿದೆ. ಕನ್ನಡದಲ್ಲಿ ಇದಕ್ಕೆ 'ಖುಲಾಸೆ' ಅನ್ನುತ್ತೇವೆ. ಅರಬ್ಬಿಯಿಂದ ಬಂದ ಅದೇ ಪದ ಉರ್ದುವಿನಲ್ಲಿ 'ಖುಲಾಸಾ' ಆಗಿ ಸಾರಾಂಶ ಎಂಬ ಅರ್ಥ ಕೊಡುತ್ತದೆ. ಮಕ್ಕಳಿಗೆ ಪಾಠದ ಖುಲಾಸಾ ಬರೆಯಿರಿ ಅಂತ ನಾವು ಹೇಳುತ್ತೇವಲ್ಲ, ಹಾಗೆ. ಹಗರಣಕ್ಕೆ ಸಿಕ್ಕಿದವರ ಬದುಕಿನಲ್ಲಿ ಎರಡೂ ಅರ್ಥ ಒಟ್ಟಿಗೇ ನಡೆಯುತ್ತವೆ. ಕೋರ್ಟು ಖುಲಾಸೆ ಮಾಡುತ್ತದೆ, ಜಗತ್ತು ಅವರ ಇಡೀ ಬದುಕನ್ನು ಒಂದು ಸಾಲಿನ ಖುಲಾಸಾ ಮಾಡಿ ಇಟ್ಟುಬಿಡುತ್ತದೆ. ಫೌಝಿಯಾ ಹಸನ್ ಮಾಲ್ಡೀವ್ಸ್‌ಗೆ ಮರಳಿ ಧಿವೇಹಿ ಭಾಷೆಯ ಎಷ್ಟೋ ಸಿನಿಮಾಗಳಲ್ಲಿ ನಟಿಸಿದರು, ಅಲ್ಲಿನ ಜನರ ಪ್ರೀತಿ ಗಳಿಸಿದರು. ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ನಮಗೆ ಅವರು ಇಂದಿಗೂ 'ಇಸ್ರೋ ಕೇಸಿನ ಮಾಲ್ಡೀವ್ಸ್ ಹೆಂಗಸು'.

ಈ ವಿಮರ್ಶೆಯನ್ನು ನಮ್ಮ ಓದುಗರಿಗಾಗಿ ಬರೆಯಲು ಒಂದು ಕಾರಣ ಇದೆ. ನಮ್ಮ ಹುಡುಗರು ಸುಳ್ಳು ಕೇಸಿನಲ್ಲಿ ಸಿಕ್ಕಿಬಿದ್ದು ವರ್ಷಗಟ್ಟಲೆ ಆದಮೇಲೆ ಹೊರಗೆ ಬಂದಾಗ ನಾವು ಬರೆಯುವ ಲೇಖನಗಳನ್ನು ಗಮನಿಸಿ. ಮೊದಲ ಸಾಲೇ ಹೀಗಿರುತ್ತದೆ: ಹುಡುಗ ಎಸ್‌ಎಸ್‌ಎಲ್‌ಸಿಯಲ್ಲಿ ಡಿಸ್ಟಿಂಕ್ಷನ್, ಕ್ರಿಕೆಟ್ ಚೆನ್ನಾಗಿ ಆಡುತ್ತಿದ್ದ, ಆಗಸ್ಟ್ 15ಕ್ಕೆ ಧ್ವಜ ಕಟ್ಟುತ್ತಿದ್ದ, ಅಜ್ಜ ಸೈನ್ಯದಲ್ಲಿದ್ದರು. ಇದನ್ನೆಲ್ಲ ಪ್ರೀತಿಯಿಂದಲೇ ಬರೆಯುತ್ತೇವೆ, ಜೊತೆಗೆ ಭಯವೂ ಇರುತ್ತದೆ. ಆದರೆ ನಮಗೆ ಅರಿವಿಲ್ಲದೆ ಅದೇ ತಕ್ಕಡಿಯನ್ನು ನಾವೂ ಕೈಗೆತ್ತಿಕೊಂಡಿರುತ್ತೇವೆ. ಹಾಗಾದರೆ ಎಸ್‌ಎಸ್‌ಎಲ್‌ಸಿ ಫೇಲಾದ ಹುಡುಗ? ಸ್ವಲ್ಪ ಒರಟಾಗಿ ಮಾತಾಡುವ ಹುಡುಗ? ಗ್ಯಾರೇಜಿನಲ್ಲಿ ಕೆಲಸ ಮಾಡುತ್ತ, ಯಾವ ಸಾಧನೆಯೂ ಇಲ್ಲದೆ, ತನ್ನ ಪಾಡಿಗೆ ತಾನಿದ್ದವನು? ಅವನ ನಿರಪರಾಧಕ್ಕೆ ಸರ್ಟಿಫಿಕೇಟ್ ಎಲ್ಲಿಂದ ತರೋಣ? ಮಾಡಿಲ್ಲ ಅಂದರೆ ಮಾಡಿಲ್ಲ. ಅಷ್ಟು ಸಾಕಾಗಬೇಕು. ಅಂಕಪಟ್ಟಿ ಲಗತ್ತಿಸುವ ಅಗತ್ಯ ಇರಬಾರದು.

ಆದ್ದರಿಂದ ಬರೆಯಲು ಕಲಿಯುತ್ತಿರುವ ವಿದ್ಯಾರ್ಥಿಗಳಿಗೆ ಒಂದು ಮಾತು. ಇಂಥವರ ಬಗ್ಗೆ ಬರೆಯುವಾಗ ಸಾಧನೆಯಿಂದ ಶುರು ಮಾಡಬೇಡಿ. ಏನು ಕಳೆದುಹೋಯಿತು ಎಂಬುದರಿಂದ ಶುರು ಮಾಡಿ. ಬಂಧನದ ದಿನ ಮನೆಯಲ್ಲಿ ಯಾರಿದ್ದರು, ಆ ತಿಂಗಳ ಬಾಡಿಗೆ ಯಾರು ಕಟ್ಟಿದರು, ತಂಗಿಯ ನಿಶ್ಚಯವಾದ ಮದುವೆ ಏನಾಯಿತು, ತಾಯಿ ಜೈಲಿನ ಭೇಟಿಗೆ ಯಾವ ಬಸ್ಸಿನಲ್ಲಿ ಹೋಗುತ್ತಿದ್ದರು ಅಂತ ಕೇಳಿ ಬರೆಯಿರಿ. 'ರಾಕೆಟ್ರಿ'ಯಲ್ಲಿ ನನ್ನ ಮನಸ್ಸಿನಲ್ಲಿ ಉಳಿದದ್ದು ಎಂಜಿನ್ನಿನ ಬೆಂಕಿಯಲ್ಲ, ಮೀನಾ ಅವರು ಮಳೆಯಲ್ಲಿ ನಿಂತದ್ದು. ಅಲ್ಲಿ ಸಿನಿಮಾ ಯಾವ ಸರ್ಟಿಫಿಕೇಟೂ ತೋರಿಸುವುದಿಲ್ಲ. ಆದರೂ ನಾವು ಅವರ ಪರವಾಗಿ ನಿಲ್ಲುತ್ತೇವೆ. ಮೀನಾ ಅವರಿಗೆ ಕೊಟ್ಟ ಆ ಒಂದು ನೋಟವನ್ನು ಸಿನಿಮಾ ಮರಿಯಮ್ ಅವರಿಗೂ ಕೊಡಬಹುದಿತ್ತು.

2018ರ ತೀರ್ಪು ಬಂದ ಮೇಲೆ ಮರಿಯಮ್ ಮತ್ತು ಫೌಝಿಯಾ ತಮಗೂ ಪರಿಹಾರ ಬೇಕು ಅಂತ ಕೇಳಿದರು. 'ರಾಕೆಟ್ರಿ' ಥಿಯೇಟರಿಗೆ ಬಂದು ಎರಡು ತಿಂಗಳಾಗುವ ಹೊತ್ತಿಗೆ, 2022ರ ಆಗಸ್ಟ್ ಕೊನೆಯಲ್ಲಿ, ಫೌಝಿಯಾ ಶ್ರೀಲಂಕಾದಲ್ಲಿ ಚಿಕಿತ್ಸೆಯಲ್ಲಿದ್ದಾಗ ತೀರಿಕೊಂಡರು. ಮಗಳ ಶಾಲೆಗಾಗಿ ಬೆಂಗಳೂರಿಗೆ ಬಂದ ತಾಯಿಯ ಕಥೆಯನ್ನು ಕನ್ನಡದಲ್ಲಿ ಇನ್ನೂ ಯಾರಾದರೂ ಬರೆಯಬೇಕಾಗಿದೆ. ನಿಮ್ಮಲ್ಲಿ ಯಾರಾದರೂ ಬರೆಯುವಿರಾದರೆ, ಅದರಲ್ಲಿ ರಾಕೆಟ್ ಬಾರದಿದ್ದರೂ ನಡೆಯುತ್ತದೆ.